ನಿಂತ ಗಾಡಿಯ ಪೆಟ್ರೋಲು

ಜನವರಿ ೧೨

ಅಣ್ಣ,

‘ಉರಿಯುವುದಕ್ಕೂ ಒಂದು ಹದದ ಬಾಯಾರಿಕೆ ಬೇಕು’ ಅಂತಲೋ ಏನೋ ಒಂದು ಸಾಲು. ಅಮ್ಮ ಕಾರು ಸ್ಟಾರ್ಟ್ ಮಾಡುವಾಗ ಗೊಣಗುತ್ತಿದ್ದಳೋ, ನಾನೇ ಕಾಲೇಜಿನ ದಿನಗಳಲ್ಲಿ ಎಲ್ಲೋ ಓದಿದ್ದೋ, ಗೊತ್ತಿಲ್ಲ. ಬಾಯಾರಿಕೆಯೋ ಹಸಿವೋ ಅದೂ ಖಚಿತವಿಲ್ಲ. ಯಾರೇ ಬರೆದಿರಲಿ, ಮೇಲ್ಸೇತುವೆಯ ನೆತ್ತಿಯಲ್ಲಿ ಹಳೆಯ ಕಾರು ನಿಲ್ಲಿಸಿಕೊಂಡು ನೂರು ಜನರ ಬೈಗುಳ ತಿಂದು ಬರೆದದ್ದಲ್ಲ ಅದು. ಬಾಯಾರಿದ ಎಂಜಿನ್ ಉರಿಯುತ್ತದೆಯೇ? ಬಿಕ್ಕುತ್ತದೆ. ಬಿಕ್ಕಿ ಬಿಕ್ಕಿ ನಡುರಸ್ತೆಯಲ್ಲಿ ಸಾಯುತ್ತದೆ.

ಮೊನ್ನೆ ಭಾನುವಾರ ಗುಬ್ಬಿಯನ್ನು ಅವನಂಥವರ ಹಾಸ್ಟೆಲಿನಿಂದ ಮನೆಗೆ ಕರೆತರುತ್ತಿದ್ದೆ. ವರ್ಷದ ಮೊದಲ ದಿನ ನೀನು ಕಾರು ತಂದು ಬಿಟ್ಟುಹೋದ ಮೇಲೆ ನಮ್ಮಿಬ್ಬರದು ಅದೇ ಮೊದಲ ಸವಾರಿ. ಹೊರಟಾಗ ಎಲ್ಲ ಸರಿಯಿತ್ತು. ನಮ್ಮ ತಮ್ಮ ಮುಂದಿನ ಸೀಟಿನಲ್ಲಿ, ಡ್ಯಾಶ್‌ಬೋರ್ಡಿಗೆ ಎರಡೂ ಅಂಗೈ ಊರಿ, ಕಾರನ್ನು ತಾನೇ ತಳ್ಳಿಕೊಂಡು ಹೋಗುತ್ತಿರುವವನ ಗತ್ತಿನಲ್ಲಿ ಕುಳಿತಿದ್ದ. ಸೇತುವೆಯ ಏರಿನಲ್ಲಿ ಎಂಜಿನ್ ಕೆಮ್ಮಿತು. ಆಕ್ಸಿಲರೇಟರ್ ಒತ್ತಿದೆ. ಒತ್ತಿದಷ್ಟೂ ಬಲ ಸೋರಿಹೋಯಿತು. ಎರಡು ಸಲ ಮುಗ್ಗರಿಸಿ, ಒಂದು ಸಲ ಪಟ್ ಅಂತ ಸಿಡಿದು, ನಿಂತುಬಿಟ್ಟಿತು.

ಹಿಂದೆ ಹಾರನ್ನುಗಳು. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ, “ಆಂಟೀ, ಗುಜರಿಗೆ ಹಾಕಿ ಅದನ್ನ, ಪುಣ್ಯ ಬರುತ್ತೆ” ಅಂದ. ಗುಬ್ಬಿ ಕಿವಿ ಮುಚ್ಚಿಕೊಂಡ. ಆಮೇಲೆ ಮಣಿಕಟ್ಟು ಕಚ್ಚಿಕೊಂಡ. ಆಮೇಲೆ ಕುಳಿತಲ್ಲೇ ಒದ್ದೆ ಮಾಡಿಕೊಂಡ. ನಲವತ್ತು ದಾಟಿದ, ಮಾತು ಬಾರದ, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರದ ಗಂಡಸು. ಸ್ವಲ್ಪ ಹೊತ್ತಿನ ಮೇಲೆ ಕೀಲಿ ತಿರುಗಿಸಿದರೆ ಎಂಜಿನ್ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಗುಬ್ಬಿ ಆಗಲೇ ಇಳಿದಾಗಿತ್ತು. ತಡೆಗೋಡೆ ಹಿಡಿದುಕೊಂಡು ಮನೆಯವರೆಗೂ ನಡೆದ. ಅವನ ಪಕ್ಕದಲ್ಲೇ ನಾನು ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಬಂದೆ. ನೋಡಿದವರು ಏನಂದುಕೊಂಡರೋ.

ಬಸ್ಸು, ಆಟೋ ಅಂದರೆ ಕಂಬ ತಬ್ಬಿಕೊಂಡು ನಿಂತುಬಿಡುವವನು ಅವನು. ಹತ್ತುತ್ತಿದ್ದದ್ದು ಇದೊಂದಕ್ಕೆ. ಅದಕ್ಕೇ ಅಲ್ಲವೇ ಅಮ್ಮ ಸಾಯುವ ಮುಂಚೆ, ಕಾರು ಮಾರಬೇಡಿ, ಆರಾರು ತಿಂಗಳು ಒಬ್ಬೊಬ್ಬರು ಇಟ್ಟುಕೊಂಡು ಭಾನುವಾರ ಅವನನ್ನು ಸುತ್ತಾಡಿಸಿ ಅಂದದ್ದು. ಈ ಕಾರು ಹೋದರೆ ಅವನ ಪಾಲಿಗೆ ಹಾಸ್ಟೆಲಿನ ಗೇಟಿನಾಚೆ ಇನ್ನೇನೂ ಇಲ್ಲ.

ನಿನ್ನ ಹತ್ತಿರ ಇದ್ದಾಗ ಹೀಗೆ ಮಾಡಿತ್ತೇ? ಯಂತ್ರದ ವಿಷಯ ನಿನಗೆ ಗೊತ್ತು, ಬರೆದು ತಿಳಿಸು. ಫೋನ್ ಬೇಡ. ಫೋನಿನಲ್ಲಿ ನಾವು ಮೂರನೇ ಮಾತಿಗೆ ಕಿರುಚುತ್ತೇವೆ ಅಂತ ಅಮ್ಮನ ಕಪಾಟು ಹಂಚಿಕೊಂಡ ದಿನವೇ ತಿಳಿದಿದೆ.

ಸೀಟು ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಉಚ್ಚೆ ಮತ್ತು ಪೆಟ್ರೋಲು ಸೇರಿದರೆ ಎಂಥ ವಾಸನೆ ಬರುತ್ತದೆ ಅಂತ ನಿನಗೆ ಗೊತ್ತಿರಲಾರದು.

ನಿನ್ನ ತಂಗಿ

ಇರುವೆ

*

ಜನವರಿ ೨೧

ಇರುವೆ,

ಕಾಗದ ಬಂತು. ಕವಿತೆ ಬಿಟ್ಟು ನೇರ ವಿಷಯಕ್ಕೆ ಬಂದಿದ್ದರೆ ಅರ್ಧ ಪುಟ ಉಳಿಯುತ್ತಿತ್ತು.

ಎಂಜಿನ್ನಿಗೆ ಬೇಕಾದ್ದು ಮೂರು: ಗಾಳಿ, ಕಿಡಿ, ಪೆಟ್ರೋಲು. ಸಿಡಿದು ನಿಂತಿದೆ ಅಂದರೆ ಮೊದಲು ಕಿಡಿಯ ಕಡೆ ನೋಡು. ಪ್ಲಗ್ಗುಗಳನ್ನು ಬಿಚ್ಚಿಸಿ ತುದಿಯ ಬಣ್ಣ ನೋಡು. ಮಸಿಯ ಹಾಗೆ ಕಪ್ಪಾಗಿದ್ದರೆ ಪೆಟ್ರೋಲು ಜಾಸ್ತಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಮ್ಮಿ, ಬಿಸ್ಕತ್ತಿನ ಬಣ್ಣವಿದ್ದರೆ ಸರಿ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬಿಸಿಯಾದಾಗ ಕೈಕೊಡುವುದೂ ಉಂಟು. ಅದನ್ನೂ ಬದಲಿಸು.

ನನ್ನ ಹತ್ತಿರ ಇದ್ದಷ್ಟು ದಿನ ಒಂದು ಸಲವೂ ಕೆಮ್ಮಿಲ್ಲ. ಪ್ರತಿ ಭಾನುವಾರ ಇಲ್ಲಿಂದ ಹೋಗಿ, ಗುಬ್ಬಿಯನ್ನು ಕೂರಿಸಿಕೊಂಡು ಕೆರೆ ಏರಿಗೆ ಹೋಗಿ, ಬಾತುಕೋಳಿ ತೋರಿಸಿ, ಐಸ್‌ಕ್ರೀಂ ಕೊಡಿಸಿ ಬಿಟ್ಟುಬರುತ್ತಿದ್ದೆ. ಬಿಳಿಯವು, ಕತ್ತಿನಲ್ಲಿ ಹಸಿರು ಇರುವವು, ಎರಡು ಥರ. ಅವನಿಗೆ ಹಸಿರಿನವು ಇಷ್ಟ. ಕಾರು ನಿನ್ನ ಕೈಗೆ ಬಂದ ಮೇಲೆ ಕೆಮ್ಮು ಶುರುವಾಗಿದೆ ಅಂದರೆ ನಾನೇನು ಹೇಳಲಿ. ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸುವವಳು ನೀನು. ಅಮ್ಮನೂ ಹೇಳಿ ಹೇಳಿ ಸೋತಿದ್ದಳು.

ಅವನು ಹಾಗೆ ಮಾಡಿಕೊಂಡದ್ದನ್ನೆಲ್ಲ ಇಷ್ಟು ವಿವರವಾಗಿ ಬರೆಯಬೇಕಾಗಿರಲಿಲ್ಲ. ಊಟಕ್ಕೆ ಮುಂಚೆ ಓದಿದೆ.

ನಿನ್ನ ಅಣ್ಣ
ಗೂಬೆ

*

ಫೆಬ್ರವರಿ ೫

ಗೂಬಣ್ಣ,

ಪ್ಲಗ್ಗುಗಳು ಬೆಳ್ಳಗಿವೆ. ಹಲ್ಲುಜ್ಜುವ ಪುಡಿ ಮೆತ್ತಿದ ಹಾಗೆ. ಅಂದರೆ ನಿನ್ನ ಶಾಸ್ತ್ರದ ಪ್ರಕಾರವೇ ಪೆಟ್ರೋಲು ಸಾಲುತ್ತಿಲ್ಲ, ಕಿಡಿಯ ತಪ್ಪಿಲ್ಲ. ಆದರೂ ನೀನು ಹೇಳಿದೆ ಅಂತ ಕಾಯಿಲ್ ಕೂಡ ಬದಲಿಸಿದೆ. ಕೆಮ್ಮು ಹಾಗೇ ಇದೆ.

ಇಲ್ಲಿ ಬಸ್ ನಿಲ್ದಾಣದ ಹಿಂದೆ ಒಬ್ಬ ಗ್ಯಾರೇಜಿನವನಿದ್ದಾನೆ. ಬೋರ್ಡಿನ ಮೇಲೆ ‘ಕಾರುಗಳ ಆಸ್ಪತ್ರೆ’ ಅಂತ ಬರೆಸಿಕೊಂಡಿದ್ದಾನೆ, ಅದಕ್ಕೆ ಎಲ್ಲರೂ ಡಾಕ್ಟರ್ ಅನ್ನುತ್ತಾರೆ. ಬಾನೆಟ್ಟಿನ ಮೇಲೆ ಕೈಯಿಟ್ಟು, ಮುಕ್ಕಾಲು ನಿಮಿಷ ಧ್ಯಾನ ಮಾಡಿ, “ಕಾರ್ಬ್ಯುರೇಟರು ಮೇಡಂ. ಕಣ್ಣು ಮುಚ್ಚಿ ಹೇಳ್ತೀನಿ” ಅಂದ.

“ಕಣ್ಣು ತೆರೆದು ಹೇಳಿ, ಅಡ್ಡಿಯಿಲ್ಲ” ಅಂದೆ.

“ಹಳೇ ಗಾಡಿ ನಾಡಿ ನೋಡಿದ್ರೆ ಗೊತ್ತಾಗುತ್ತೆ ಮೇಡಂ. ನೀವು ಪುಸ್ತಕ ಓದೋರು, ನಿಮಗೆ ಅರ್ಥ ಆಗಲ್ಲ.”

ಪೆಟ್ರೋಲಿಗೆ ಗಾಳಿ ಬೆರೆಸುವ ಆ ಡಬ್ಬಿಯನ್ನು ಬಿಚ್ಚಿದ. ಬಿಚ್ಚಿದ ಸ್ಕ್ರೂಗಳನ್ನು ಟೀ ಕುಡಿದಿಟ್ಟ ಗ್ಲಾಸಿನೊಳಗೆ ಹಾಕಿದ. ಗ್ಲಾಸಿನ ತಳದಲ್ಲಿ ಒಂದು ನೊಣ ಸತ್ತಿತ್ತು. ಸಣ್ಣ ಹಿತ್ತಾಳೆ ತೂತುಗಳನ್ನು ಊದಿ, ಬಾಯಿ ಒರೆಸಿಕೊಂಡು, ಅದೇ ಕೈಯಲ್ಲಿ ಬನ್ನು ತಿಂದ. ನಾನು ರಸ್ತೆಗೆ ಬಂದು ನಿಂತೆ. ಅವನ ಚಿಕಿತ್ಸೆಯಿಂದ ಕಾರು ಎರಡು ದಿನ ಚೆನ್ನಾಗಿ ಓಡಿ ಮೂರನೇ ದಿನ ತರಕಾರಿ ಅಂಗಡಿಯ ಮುಂದೆ ನಿಂತಿತು.

ನಾನು ಗಮನಿಸಿದ್ದನ್ನು ಹೇಳುತ್ತೇನೆ, ನೀನು ಯೋಚಿಸು. ಸ್ಟಾರ್ಟ್ ಆಗುವಾಗ ತೊಂದರೆಯಿಲ್ಲ. ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ಏರಿನಲ್ಲಿ ಅಥವಾ ಜೋರಾಗಿ ಹೋಗುವಾಗ ಬಿಕ್ಕುತ್ತದೆ, ಸಾಯುತ್ತದೆ. ಸುಮ್ಮನೆ ಬಿಟ್ಟರೆ ತಾನೇ ಬದುಕುತ್ತದೆ. ಯಾರೋ ಗಂಟಲು ಹಿಸುಕಿ, ಸಾಕೆನಿಸಿದಾಗ ಕೈ ಬಿಟ್ಟ ಹಾಗೆ. ಹಿಸುಕುವವರು ಎಲ್ಲಿ ಕೂತಿದ್ದಾರೆ?

ನನ್ನ ಕೈ, ಸೀರೆ, ತರಗತಿಯಲ್ಲಿ ಹಿಡಿದ ಪುಸ್ತಕ, ಎಲ್ಲಕ್ಕೂ ಪೆಟ್ರೋಲಿನ ವಾಸನೆ. ಪಕ್ಕದ ಮನೆಯ ನರ್ಸಮ್ಮ, ಕೆಲಸದಿಂದ ನಿವೃತ್ತಿಯಾದರೂ ವಾರ್ಡಿನ ಗದರಿಕೆ ಬಿಡದವರು, “ನಿಮ್ಮನೇಲಿ ಯಾರೂ ಬೆಂಕಿಕಡ್ಡಿ ಗೀಚಬೇಡಿ, ನಾನೂ ಹೋಗ್ತೀನಿ ನಿಮ್ಮ ಜೊತೆ” ಅಂದರು.

ಗುಬ್ಬಿ ಹತ್ತುತ್ತಿಲ್ಲ. ನಾಲ್ಕು ಭಾನುವಾರವೂ ಹೋದೆ. ಗೇಟಿನವರೆಗೆ ಬರುತ್ತಾನೆ. ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ. ಬಾಗಿಲು ತೆಗೆದರೆ ತಿರುಗಿ ಒಳಗೆ ಹೋಗಿ ಗೋಡೆಗೆ ಮುಖ ಹಾಕಿ ಮಲಗುತ್ತಾನೆ. “ಬಾರೋ, ಹಸಿರು ಬಾತುಕೋಳಿ ನೋಡೋಣ” ಅಂತ ನೀನು ಬರೆದದ್ದನ್ನೇ ಹೇಳಿ ಕರೆದೆ. ನನ್ನನ್ನೇ ದಿಟ್ಟಿಸಿ ನೋಡಿದ.

ಇರುವೆ

*

ಫೆಬ್ರವರಿ ೧೬

ಇರುವೆ,

ನಿನ್ನ ಡಾಕ್ಟರನ್ನು ನಂಬಬೇಡ. ಊದಿ ಬಿಟ್ಟರೆ ಕಾರ್ಬ್ಯುರೇಟರ್ ಸರಿಯಾಗುತ್ತದೆಯೇ.

ನೀನು ಹೇಳುವ ಲಕ್ಷಣಕ್ಕೆ ಎರಡು ಕಾರಣ ಇರಬಹುದು. ಒಂದು, ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪು. ಅದರೊಳಗಿನ ರಬ್ಬರಿನ ತೆಳು ಪೊರೆ ಹರಿದಿದ್ದರೆ ಏರಿನಲ್ಲಿ ಸಾಕಷ್ಟು ಎಳೆಯುವುದಿಲ್ಲ. ಇನ್ನೊಂದು, ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಳಿಗುಳ್ಳೆ ಕಟ್ಟುವುದು. ನಿಂತ ಕೂಡಲೇ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡು. ತಕ್ಷಣ ಸ್ಟಾರ್ಟ್ ಆದರೆ ಅದೇ. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದ್ದರೂ ಹೀಗಾಗುತ್ತದೆ. ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಹೇಳು.

ಟ್ಯಾಂಕ್ ಮಾತ್ರ ಇಳಿಸಲು ಬಿಡಬೇಡ. ಆ ಬೋಲ್ಟುಗಳು ತುಕ್ಕು ಹಿಡಿದಿವೆ. ಮುರಿದರೆ ಈ ಕಾಲದಲ್ಲಿ ಎಲ್ಲೂ ಸಿಗುವುದಿಲ್ಲ, ಕಾರು ಶಾಶ್ವತವಾಗಿ ಅಲ್ಲೇ ಕೂರುತ್ತದೆ. ಟ್ಯಾಂಕಿನಲ್ಲಿ ಏನೂ ತೊಂದರೆ ಇರಲು ಸಾಧ್ಯವಿಲ್ಲ. ನಾನು ಓಡಿಸಿದ ಗಾಡಿ, ನನಗೆ ಗೊತ್ತು.

ಗುಬ್ಬಿಯನ್ನು ಬಲವಂತ ಮಾಡಬೇಡ. ಬಾತುಕೋಳಿ ವಿಷಯ ಎಲ್ಲ ಯಾಕೆ ಎತ್ತಿದೆ? ಅವನಿಗೆ ನೆನಪಿರುವುದಿಲ್ಲ.

ಅಣ್ಣ

*

ಮಾರ್ಚ್ ೪

ಅಣ್ಣ,

ಒದ್ದೆ ಬಟ್ಟೆ ಹಾಕಿದೆ. ಏನೂ ಆಗಲಿಲ್ಲ. ಮುಚ್ಚಳ ತೆಗೆದೆ. ಉಸ್ ಅನ್ನಲಿಲ್ಲ. ಆದರೆ ಬಗ್ಗಿ ಕೇಳುತ್ತಿದ್ದ ನನ್ನ ಮುಖಕ್ಕೆ ಒಳಗಿನ ವಾಸನೆ ಬಡಿಯಿತು. ಪೆಟ್ರೋಲಿನ ವಾಸನೆ ಈಗ ನನಗೆ ಚೆನ್ನಾಗಿ ಗೊತ್ತು, ಮೈಗೇ ಅಂಟಿದೆಯಲ್ಲ. ಇದು ಬೇರೆ. ಮುಚ್ಚಳ ಸರಿಯಾಗಿ ಹಾಕದೆ ಮರೆತ ಬಣ್ಣದ ಡಬ್ಬದ ಹುಳಿ ವಾಸನೆ.

ಪಂಪು ಹೊಸದು ಹಾಕಿಸಿದೆ. ಪಂಪಿಗೂ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಕೂರಿಸಿ ಅಂತ ನಾನೇ ಹೇಳಿದೆ. ಏನು ಬರುತ್ತಿದೆ ಅಂತ ಕಣ್ಣಿಗಾದರೂ ಕಾಣಲಿ. “ಅದೆಲ್ಲ ಬೇಡ ಮೇಡಂ, ಕಣ್ಣು ಮುಚ್ಚಿ—” ಅಂತ ಡಾಕ್ಟರ್ ಶುರುಮಾಡಿದ. “ನೀವು ಮುಚ್ಚಿಕೊಳ್ಳಿ, ನಾನು ನೋಡ್ತೀನಿ” ಅಂದೆ. ಪೇಟೆ ಸುತ್ತಿ ಬರುವಷ್ಟರಲ್ಲಿ ಆ ಪುಟ್ಟ ಗಾಜಿನಂಥ ಡಬ್ಬಿ ಹಳೇ ಟೀ ಸೋಸಿದ ಹಾಗೆ ಕಂದಾಗಿತ್ತು. ಒಳಗೆ ಕೆಂಪು ಚೂರುಗಳು ಗಿರಗಿರ ತಿರುಗುತ್ತಿದ್ದವು. ಮತ್ತೆ ನಿಂತಿತು.

ಟ್ಯಾಂಕ್ ಇಳಿಸಿದೆವು. ಬೋಲ್ಟುಗಳು ಮುರಿಯಲಿಲ್ಲ. ಒಂದೂ.

ಅಣ್ಣ, ನಾನು ಗುಬ್ಬಿಯ ಎಲ್ಲವನ್ನೂ ತೊಳೆದವಳು. ಅಮ್ಮನ ಕೊನೆಯ ತಿಂಗಳು ಅವಳದೂ ಎಲ್ಲವನ್ನೂ ತೊಳೆದವಳು. ಆ ಟ್ಯಾಂಕಿನಿಂದ ಬೋಗುಣಿಗೆ ಸುರಿದದ್ದನ್ನು ನೋಡಿ ವಾಕರಿಸಿದೆ. ಮೊದಲು ತೆಳ್ಳಗೆ, ಕಂದು ನೀರು. ಅದರ ಹಿಂದೆ ಗೊಣ್ಣೆಯ ಹಾಗೆ ಎಳೆಯೆಳೆಯಾಗಿ ಒಂದು ಅಂಟು. ತಳದಲ್ಲಿ ತುಕ್ಕಿನ ಕೆಸರು. ಪೆಟ್ರೋಲು ಎಳೆದುಕೊಳ್ಳುವ ಕೊಳವೆಯ ಬಾಯಲ್ಲಿ ಒಂದು ಜಾಲರಿ ಇದೆಯಂತೆ. ಅದು ಜಾಲರಿ ಅಂತ ಗುರುತು ಸಿಗುವ ಹಾಗಿರಲಿಲ್ಲ. ಎಂಜಿನ್ ಎಳೆದಾಗ ಕೆಸರೆಲ್ಲ ಹೋಗಿ ಅದರ ಬಾಯಿಗೆ ಕೂರುತ್ತದೆ, ಉಸಿರು ಕಟ್ಟುತ್ತದೆ. ಎಂಜಿನ್ ನಿಂತ ಮೇಲೆ ಕೆಸರು ಕಳಚಿ ಕೆಳಗೆ ಬೀಳುತ್ತದೆ, ಉಸಿರು ಬರುತ್ತದೆ. ಹಿಸುಕುವವರು ಅಲ್ಲಿ ಕೂತಿದ್ದರು.

ಡಾಕ್ಟರ್ ಒಂದು ಕಡ್ಡಿಯಿಂದ ಅದನ್ನು ಕೆದಕಿ, ಮೂಸಿ, “ನಾನು ಮೊದಲೇ ಹೇಳಿದ್ದೆ” ಅಂದ. ಆಮೇಲೆ ಅಂದ: “ಇದು ನಿಂತ ಗಾಡಿ ಮೇಡಂ. ಓಡೋ ಗಾಡೀಲಿ ಹೀಗೆ ಆಗಲ್ಲ. ತಳದಲ್ಲಿ ಎರಡು ಲೋಟ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ಹಂಗೇ ಬಿಟ್ಟಿದಾರೆ. ಖಾಲಿ ಟ್ಯಾಂಕಿಗೆ ತೇವ ಹಿಡಿದು ತುಕ್ಕು, ಹಳೇ ಪೆಟ್ರೋಲು ಗೋಂದು. ಆಮೇಲೆ ಯಾರೋ ಒಂದು ದಿನ ಹೊಸ ಪೆಟ್ರೋಲ್ ಹಾಕಿ ಓಡಿಸಿದಾರೆ, ಎಲ್ಲ ಕದಡಿಬಿಟ್ಟಿದೆ. ಇದು ಯಾರ ಗಾಡಿ?”

ನಮ್ಮಣ್ಣ ಪ್ರತಿ ಭಾನುವಾರ ಓಡಿಸುತ್ತಿದ್ದ ಗಾಡಿ ಅಂದೆ. ಡಾಕ್ಟರ್ ನಕ್ಕ. ಆ ನಗೆಯನ್ನು ನಾನು ಅವನಿಗೆ ಕ್ಷಮಿಸುವುದಿಲ್ಲ. ನಿನಗೂ.

ಅಲ್ಲಿಂದ ನೇರ ಹಾಸ್ಟೆಲಿಗೆ ಹೋದೆ, ಬಸ್ಸಿನಲ್ಲಿ. ಆಯಾಳನ್ನು ಕೇಳಿದೆ. “ಕನ್ನಡಕದ ಅಣ್ಣನಾ? ಬರ್ತಿದ್ರಲ್ಲ. ತಿಂಗಳಿಗೊಂದು ಸಲ, ಬಸ್ಸಲ್ಲಿ. ಗೇಟಿನ ಕಂಬಿ ಸಂದೀಲಿ ಬಿಸ್ಕತ್ತು ಕೊಟ್ಟು ಹೋಗ್ತಿದ್ರು. ಒಳಗೆ ಬನ್ನಿ ಅಂದ್ರೆ, ಟೈಮಿಲ್ಲ ಅಂತಿದ್ರು.”

ಕಂಬಿ ಸಂದಿಯಲ್ಲಿ.

ಬಾತುಕೋಳಿಯ ಕತ್ತಿನ ಬಣ್ಣ ಕೂಡ ಬರೆದಿದ್ದೆಯಲ್ಲೋ. ಥೂ.

—

*

ಏಪ್ರಿಲ್ ೨

ಇರುವೆ,

ಸಹಿಯನ್ನೂ ಹಾಕದೆ ಕಳಿಸಿದ್ದೀಯ. ಇರಲಿ.

ಹೌದು, ನಿಂತಿತ್ತು. ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಏನೀಗ?

ಜುಲೈಯ ಮೊದಲನೇ ಭಾನುವಾರ ಹೋಗಿದ್ದೆ. ಬಾತುಕೋಳಿ, ಏರಿ, ಐಸ್‌ಕ್ರೀಂ ಎಲ್ಲ ನಿಜ, ಆ ಒಂದು ದಿನದ ಮಟ್ಟಿಗೆ. ಬೆಂಚಿನ ಮೇಲೆ ಕೂತಿದ್ದೆವು. ಅವನು ಐಸ್‌ಕ್ರೀಂ ಬಾಯಿಗೆ ಹಾಕಿಕೊಂಡು, ಅಗಿದು, ಅದನ್ನು ಬೆರಳಿನಲ್ಲಿ ತೆಗೆದು ನನ್ನ ಬಾಯಿಗೆ ತುರುಕಿದ. ಪ್ರೀತಿಯಿಂದಲೇ ಇರಬೇಕು. ಬೆಚ್ಚಗಿತ್ತು ಕಣೇ. ಐಸ್‌ಕ್ರೀಂ ಬೆಚ್ಚಗಿತ್ತು. ಪಕ್ಕದ ಬೆಂಚಿನವರು ನೋಡಿದರು. ಕೆರೆಯ ನೀರಿನಲ್ಲೇ ಬಾಯಿ ತೊಳೆದೆ, ಆ ಹಸಿರು ನೀರಿನಲ್ಲಿ. ಅದು ವಾಸಿ ಅನಿಸಿತು. ಮನೆಗೆ ಬಂದ ಮೇಲೂ ಎರಡು ದಿನ ಅನ್ನ ಇಳಿಯಲಿಲ್ಲ. ಮುಂದಿನ ವಾರ ಕಾರಿನ ಕೀಲಿ ಕೈಗೆ ತೆಗೆದುಕೊಂಡು ಮತ್ತೆ ಮೊಳೆಗೆ ಹಾಕಿದೆ.

ನಾನು ಏನು ಕೆಲಸ ಮಾಡುತ್ತೇನೆ ಅಂತ ನಿನಗೆ ಗೊತ್ತು. ಲ್ಯಾಬುಗಳಲ್ಲಿ ರಕ್ತ ಪರೀಕ್ಷೆಯ ಯಂತ್ರ ಬಿಚ್ಚಿ ತೊಳೆಯುತ್ತೇನೆ. ಯಾರದೋ ರಕ್ತ, ಯಾರದೋ ಕಫ ಹೆಪ್ಪುಗಟ್ಟಿ ಕೊಳವೆಯಲ್ಲಿ ಕೂತಿರುತ್ತದೆ. ಒಂದು ದಿನವೂ ಹೇಸಿದ್ದಿಲ್ಲ. ಇವನ ಜೊಲ್ಲು ಮಾತ್ರ ಆಗುವುದಿಲ್ಲ. ಯಾಕೆ ಅಂತ ಕೇಳಿಕೊಂಡಿದ್ದೇನೆ. ಅವನ ಮುಖ ನೋಡಿದ್ದೀಯಾ ಸರಿಯಾಗಿ? ನನ್ನ ಮೂಗು, ನನ್ನ ಗಲ್ಲ, ನನ್ನದೇ ತುಟಿ. ನನ್ನ ಬಾಯೇ ತೆರೆದುಕೊಂಡು ಸುರಿಸುತ್ತಿರುವ ಹಾಗೆ ಕಾಣುತ್ತದೆ ನನಗೆ. ಅದನ್ನು ಒರೆಸು ಅಂದರೆ ಹೇಗೆ ಒರೆಸಲಿ?

ನೀನು ಒರೆಸುತ್ತೀಯ. ಒರೆಸಿ, ಬರೆದೂ ಕಳಿಸುತ್ತೀಯ. ನಿನಗೆ ಏನೂ ಅನಿಸುವುದಿಲ್ಲ ಅಂತ ಮಾತ್ರ ಹೇಳಬೇಡ.

ಅಣ್ಣ

*

ಏಪ್ರಿಲ್ ೨೦

ಅಣ್ಣ,

ಅನಿಸುತ್ತದೆ. ಒರೆಸುವಾಗ ಉಸಿರು ಬಿಗಿಹಿಡಿಯುತ್ತೇನೆ. ಅವನನ್ನು ಬಿಟ್ಟುಬಂದ ಮೇಲೆ ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಸೋಪು ಹಾಕಿ ತೊಳೆದು, ಆಮೇಲೆ ಒಂದು ಕವಿತೆ ತೆಗೆದುಕೊಂಡು ಕೂರುತ್ತೇನೆ. ಕವಿತೆಯೂ ಒಂದು ಸೋಪೇ ನನಗೆ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳಬೇಕಾಗಿ ಬಂದದ್ದು ಇನ್ನೂ ಹೇಸಿಗೆ.

ನೀನು ಹೇಸಿದೆ ಅಂತ ನನಗೆ ಸಿಟ್ಟಿಲ್ಲ. ‘ನನ್ನ ಕೈಲಿ ಆಗಲ್ಲ ಕಣೇ’ ಅಂತ ಒಂದು ಸಾಲು ಬರೆದಿದ್ದರೆ ಹನ್ನೆರಡು ತಿಂಗಳೂ ನಾನೇ ಕಾರು ಇಟ್ಟುಕೊಳ್ಳುತ್ತಿದ್ದೆ. ಅದರ ಬದಲು ನೀನು ಅವನ ಒಂದೊಂದು ಭಾನುವಾರದ ಕತೆಯನ್ನೂ ಕಟ್ಟಿದೆ. ಅವನಿಗೆ ಮಾತು ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ಕಟ್ಟಿದೆ. ಆ ಟ್ಯಾಂಕಿನಲ್ಲಿ ಇದ್ದದ್ದಕ್ಕಿಂತ ನಿನ್ನ ಜನವರಿಯ ಕಾಗದ ನಾರುತ್ತದೆ.

ಅವನ ಸುದ್ದಿ ಹೇಳುತ್ತೇನೆ, ಊಟಕ್ಕೆ ಮುಂಚೆಯಾದರೂ ಓದು. ಅವನು ಹೊರಗೆ ಬರದೆ ಮೂರು ತಿಂಗಳಾಯಿತು. ಹಗಲೆಲ್ಲ ಓಣಿಯ ತುದಿಯ ಗೋಡೆಗೆ ಎರಡೂ ಅಂಗೈ ಊರಿ ನಿಂತಿರುತ್ತಾನಂತೆ. ತಳ್ಳುತ್ತಾನಂತೆ. ಹೋಗಿ ನೋಡಿದೆ. ಸುಣ್ಣದ ಗೋಡೆಯ ಮೇಲೆ ಎರಡು ಅಂಗೈಯ ಎಣ್ಣೆಗಪ್ಪು ಗುರುತು. ಅದರ ಕೆಳಗೆ ಜೊಲ್ಲು ಇಳಿದು ಒಣಗಿದ ಗೆರೆ. “ಸುಣ್ಣ ಹೊಡೆದಷ್ಟೂ ಹೀಗೇ ಮಾಡ್ತಾನೆ ಅಕ್ಕಾ, ಅಸಹ್ಯ” ಅಂದಳು ಆಯಾ. ಅವನು ಏನು ತಳ್ಳುತ್ತಿದ್ದಾನೆ ಅಂತ ಅವಳಿಗೆ ಹೇಳಲಿಲ್ಲ. ನಿನಗೂ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಟ್ಯಾಂಕ್ ತೊಳೆದು, ಕಂಪ್ರೆಸರ್ ಗಾಳಿ ಬಿಟ್ಟು, ಮತ್ತೆ ಕೂರಿಸಿದ್ದಾರೆ. ಈಗ ದಿನಕ್ಕೆ ನಾಲ್ಕು ಸಲದ ಬದಲು ವಾರಕ್ಕೆ ಒಂದು ಸಲ ಬಿಕ್ಕುತ್ತದೆ. ಡಾಕ್ಟರ್, “ಗುಣ ಆಗಿದೆ ಮೇಡಂ, ಸ್ವಲ್ಪ ಸುಸ್ತು ಇರುತ್ತೆ” ಅನ್ನುತ್ತಾನೆ. ವಾರಕ್ಕೆ ಒಂದು ಸಲ ಕೂಡ ಗುಬ್ಬಿಯ ಮುಂದೆ ಆಗುವ ಹಾಗಿಲ್ಲ. ಇನ್ನೊಂದು ಸಲ ಅವನು ಕೂತಾಗ ಅದು ಸತ್ತರೆ, ಅಲ್ಲಿಗೆ ಮುಗಿಯಿತು.

ಜುಲೈಗೆ ಕಾರು ತೆಗೆದುಕೊಳ್ಳಲು ಬರಬೇಡ. ಕೊಡುವುದಿಲ್ಲ.

ತಂಗಿ

*

ಜೂನ್ ೧೦

ಇರುವೆ,

ನಿನ್ನ ಕಾಗದ ಒಂದೂವರೆ ತಿಂಗಳಿನಿಂದ ಮೇಜಿನ ಮೇಲಿದೆ. ಅದಕ್ಕೆ ಉತ್ತರ ಬರೆಯಲು ಬರುವುದಿಲ್ಲ. ಕಾರಿಗೆ ಮಾತ್ರ ಬರೆಯುತ್ತೇನೆ.

ನಿನ್ನ ಡಾಕ್ಟರ್ ಕಂಪ್ರೆಸರ್ ಗಾಳಿ ಯಾವ ಕಡೆಯಿಂದ ಬಿಟ್ಟ? ಟ್ಯಾಂಕಿನ ಕಡೆಯಿಂದ ಬಿಟ್ಟಿದ್ದರೆ ಕೆಸರನ್ನು ಪೈಪಿನೊಳಗೇ ತಳ್ಳಿದ್ದಾನೆ. ಕಾರಿನ ಹೊಟ್ಟೆಯ ಕೆಳಗೆ ಪೈಪು ಒಂದು ಕಡೆ ಬಾಗುತ್ತದೆ. ಅಲ್ಲಿ ಕೂತಿರುತ್ತದೆ. ಪಂಪಿನ ಹತ್ತಿರ ಬಿಚ್ಚಿ, ಅಲ್ಲಿಂದ ಟ್ಯಾಂಕಿನ ಕಡೆಗೆ ಊದಬೇಕು. ಜೋರು ಗಾಳಿ ಬೇಡ, ತುಕ್ಕು ಹಿಡಿದ ಪೈಪು ತೂತಾಗುತ್ತದೆ. ಬಾಯಲ್ಲಿ ಊದಿದರೆ ತಡೆ ಎಲ್ಲಿದೆ ಅಂತ ಕೆನ್ನೆಗೇ ಗೊತ್ತಾಗುತ್ತದೆ. ಆಮೇಲೆ ಬಾಯಲ್ಲೇ ಎಳೆದು ಸಲೀಸಾಗಿ ಬರುತ್ತದೆಯೇ ನೋಡಬೇಕು. ಹಳೆಯ ಡ್ರೈವರುಗಳು ಹಾಗೇ ಮಾಡುತ್ತಿದ್ದರು. ನೀನು ಮಾಡಬೇಡ.

ಜುಲೈ ಮೊದಲ ದಿನ ಬರುತ್ತೇನೆ. ಕಾರು ತೆಗೆದುಕೊಂಡು ಹೋಗಲು ಅಲ್ಲ. ನೀನು ಮನೆಯಲ್ಲಿ ಇರಬೇಕಾಗಿಲ್ಲ. ಇಲ್ಲದಿದ್ದರೇ ವಾಸಿ. ಕೀಲಿ ನರ್ಸಮ್ಮನ ಹತ್ತಿರ ಬಿಟ್ಟಿರು.

ಗೂಬೆ

*

ಜುಲೈ ೩

ಅಣ್ಣ,

ಪರೀಕ್ಷೆಯ ಪೇಪರ್ ತಿದ್ದುವ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದೆ, ನಿನ್ನ ಮುಖ ನೋಡುವುದು ಬೇಡ ಅಂತಲೇ ಒಪ್ಪಿಕೊಂಡ ಕೆಲಸ. ಕೀಲಿ ಬಿಟ್ಟಿದ್ದೆ. ಯಾಕೆ ಬಿಟ್ಟೆ ಅಂತ ಕೇಳಬೇಡ. ನಿನ್ನೆ ಸಂಜೆ ಬಂದು ನೋಡಿದರೆ ಕಾರು ಗೇಟಿನ ಮುಂದೆ, ಮೂತಿ ತಿರುಗಿಸಿ ನಿಂತಿದೆ. ನೀನಿಲ್ಲ. ಬಸ್ಸು ಹಿಡಿದು ಹೋಗಿದ್ದೀಯ.

ಬಾಗಿಲು ತೆಗೆದೆ. ಮುಂದಿನ ಸೀಟಿನಲ್ಲಿ ಬಿಸ್ಕತ್ತಿನ ಪುಡಿ. ಡ್ಯಾಶ್‌ಬೋರ್ಡಿನ ಧೂಳಿನಲ್ಲಿ ಎರಡು ಅಂಗೈ. ನಾನು ಅಲ್ಲೇ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಒಳಗೆ ವಾಂತಿಯ ವಾಸನೆಯೂ ಇತ್ತು, ಪೆಟ್ರೋಲು ಬೆರೆತದ್ದು. ಮೂಗು ಮುಚ್ಚಿಕೊಂಡೇ ನಿಂತೆ ಅನ್ನು.

ಹಾಸ್ಟೆಲಿಗೆ ಫೋನ್ ಮಾಡಿದೆ. ಆಯಾ ಹೇಳಿದಳು: ನೀನು ಗೇಟಿನ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಪಕ್ಕದ ಬಾಗಿಲು ತೆಗೆದಿಟ್ಟು, ಅವನನ್ನು ಕರೆಯದೆ, ಬಿಸಿಲಿನಲ್ಲಿ ಸುಮ್ಮನೆ ಕೂತಿದ್ದೆಯಂತೆ. ಅವನು ಬಂದು ಬಾನೆಟ್ ಮುಟ್ಟಿ ವಾಪಸ್ಸು ಹೋದ. ಮತ್ತೆ ಬಂದ. ಮತ್ತೆ ಹೋದ. ಅವರೆಲ್ಲರ ಊಟ ಮುಗಿಯಿತು, ನೀನು ಹಾಗೇ ಕೂತಿದ್ದೆ. ಆಮೇಲೆ ಯಾವಾಗಲೋ ಅವನು ಹತ್ತಿದ್ದನ್ನು ಯಾರೂ ನೋಡಲಿಲ್ಲವಂತೆ. ಬಾಗಿಲು ಹಾಕಿದ ಸದ್ದು ಕೇಳಿತಂತೆ. ಕತ್ತಲಾಗುವ ಮುಂಚೆ ಬಿಟ್ಟುಹೋದೆಯಂತೆ. ಗೋಡೆಯ ಹತ್ತಿರ ಹೋಗದೆ ಊಟ ಮಾಡಿ ಮಲಗಿದನಂತೆ.

ಇಷ್ಟನ್ನು ನೀನು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ಅದು ನಿನಗೂ ಗೊತ್ತಿತ್ತು ಅಂತ ಕಾಣುತ್ತದೆ. ಅದಕ್ಕೇ ಒಂದು ಚೀಟಿಯನ್ನೂ ಇಡದೆ ಹೋಗಿದ್ದೀಯ.

ಟ್ಯಾಂಕಿನ ಬಗ್ಗೆ ನಾನು ಬರೆದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬಾತುಕೋಳಿಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಾರು ಇಲ್ಲೇ ಇರಲಿ. ಭಾನುವಾರ ನೀನು ಬಂದರೆ ಬಾಗಿಲು ತೆಗೆಯುತ್ತೇನೆ, ಅಷ್ಟೇ.

ನೀನು ಪೆಟ್ರೋಲು ನುಂಗಿದೆಯಂತೆ. ನುಂಗಿದವರು ಕಾರಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದಂತೆ, ನರ್ಸಮ್ಮ ಬಯ್ಯುತ್ತಿದ್ದಾರೆ. ಎದೆಯ ಎಕ್ಸ್‌ರೇ ತೆಗೆಸು. ನಾಳೆಯೇ.

ಇರುವೆ

ಮತ್ತೆ: ಕಾಗದ ಮಡಚಿ ಲಕೋಟೆಗೆ ಹಾಕುವಷ್ಟರಲ್ಲಿ ನರ್ಸಮ್ಮ ಬಾಗಿಲು ತಟ್ಟಿದರು. ಮೋರಿಯ ಹತ್ತಿರ ಬ್ಲೀಚಿಂಗ್ ಪೌಡರ್ ಹಾಕಿದ್ದೇನೆ ಅಂತ ಹೇಳಲು ಬಂದವರು ಹೊಸಿಲಿನಾಚೆಯೇ ನಿಂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ನಮ್ಮ ತಿರುವಿನಲ್ಲೇ ಗಾಡಿ ನಿಂತುಬಿಡ್ತು ಕಣ್ರೀ. ನಿಮ್ಮಣ್ಣ ಕೆಳಗೆ ತೂರಿ, ಪೈಪು ಬಿಚ್ಚಿ, ಊದಿದ್ರು. ಆಮೇಲೆ ಬಾಯಲ್ಲಿ ಎಳೆದ್ರು ನೋಡಿ, ಕೆಸರು ಪೆಟ್ರೋಲು ಎಲ್ಲ ಒಟ್ಟಿಗೇ ಬಂದು ನುಂಗಿಬಿಟ್ರು. ಮೋರಿ ಹತ್ರ ಕೂತು ಕಾರಿಕೊಂಡ್ರು ರೀ, ಮೂಗಲ್ಲಿ ಬಾಯಲ್ಲಿ. ವಾರ್ಡಲ್ಲೇ ಮುದುಕಿ ಆದವಳು ನಾನು, ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ನಿಮ್ಮ ತಮ್ಮ ಇದಾನಲ್ಲ, ಆ ದೊಡ್ಡೋನು, ಕಾರಿಂದ ಇಳಿದು ಬಂದ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ತನ್ನ ಅಂಗಿ ತುದಿ ಎತ್ತಿ ಅವರ ಬಾಯಿ ಒರೆಸಿದ. ಅವರು ಕಾರ್ತಾನೇ ಇದ್ರು, ಇವನು ಒರೆಸ್ತಾನೇ ಇದ್ದ. ಬಿಡೋ, ಕೊಳಕು, ಅಂತ ನಾನು ಕೂಗಿದೆ. ನಿಮ್ಮಣ್ಣ ಮುಖ ಎತ್ತಿ ಕೊಟ್ಟುಕೊಂಡು ಕೂತಿದ್ರು, ಸಣ್ಣ ಮಗು ಥರ. ಅಲ್ಲಾರೀ, ಆ ಹುಡುಗನಿಗೆ ಒಂಚೂರೂ ಅಸಹ್ಯ ಆಗ್ಲಿಲ್ವಾ?”